ಲೇಹ್‌ಗೆ ಇಳಿದ ಮರುದಿನವೇ ಪ್ಯಾಂಗಾಂಗ್ ಬೇಡ

ಮಾನ್ಯರೆ,

ಲಡಾಖ್ ಪ್ಯಾಕೇಜ್‌ಗಳ ಜಾಹೀರಾತಿನಲ್ಲಿ ಊಟ, ಹೋಟೆಲಿನ ವಿವರವೆಲ್ಲ ಇರುತ್ತದೆ, ಎತ್ತರದ ಮಾತೇ ಇರುವುದಿಲ್ಲ. ನಮ್ಮ ಮುಳ್ಳಯ್ಯನಗಿರಿಯೇ 1,930 ಮೀಟರ್. ಬೆಂಗಳೂರಿನಿಂದ ವಿಮಾನ ಹತ್ತಿದವರು ಒಂದೇ ದಿನದಲ್ಲಿ ಇಳಿಯುವ ಲೇಹ್ ಸುಮಾರು 3,500 ಮೀಟರ್. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಕರಾವಳಿಯಲ್ಲಿ ಸಿಗುವುದರ ಮೂರನೇ ಎರಡರಷ್ಟು.

ದೇಹ ಇದಕ್ಕೆ ಹೊಂದಿಕೊಳ್ಳಲು ಮೊದಲ 48 ಗಂಟೆ ಲೇಹ್‌ನಲ್ಲೇ ವಿಶ್ರಾಂತಿ ಬೇಕು. ಮದ್ಯ, ನಿದ್ದೆ ಮಾತ್ರೆ ಬೇಡ. ಹಗಲು ಎಷ್ಟು ಏರಿದಿರಿ ಎನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗುತ್ತೀರಿ ಎನ್ನುವುದು ಮುಖ್ಯ. ಹಾಗಾಗಿ ಮೊದಲು ನುಬ್ರಾ ಕಣಿವೆ (ಸುಮಾರು 3,100 ಮೀ.), ಆಮೇಲೆ ಪ್ಯಾಂಗಾಂಗ್ ಸರೋವರ (4,200 ಮೀ.ಗೂ ಹೆಚ್ಚು).

ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ವಯಸ್ಕರಿಗೆ ಸಾಮಾನ್ಯವಾಗಿ 125 ಮಿ.ಗ್ರಾಂ., ದಿನಕ್ಕೆರಡು ಬಾರಿ, ಹೊರಡುವ ಹಿಂದಿನ ದಿನದಿಂದ. ಸಲ್ಫಾ ಔಷಧಗಳ ಅಲರ್ಜಿ ಇದ್ದರೆ ಮೊದಲೇ ಹೇಳಿ. ಬೆರಳು ಜುಮ್ಮೆಂದರೆ ಗಾಬರಿಯಾಗಬೇಡಿ, ಅದು ಮಾತ್ರೆಯದೇ ಗುಣ. ಉಸಿರಾಟಕ್ಕೆ ಒಳ್ಳೆಯದೆಂದು ಕರ್ಪೂರ ಮೂಸಿದರೆ ಮೂಗು ಬಿಟ್ಟಂತೆ ಅನ್ನಿಸೀತು, ರಕ್ತದ ಆಮ್ಲಜನಕ ಏರದು.

ತಲೆನೋವು, ವಾಕರಿಕೆ ಇದ್ದರೆ ಮೇಲೇರುವುದನ್ನು ನಿಲ್ಲಿಸಿ. ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಹೆಜ್ಜೆಗೆ ಹೆಜ್ಜೆ ತಾಗಿಸಿ ನೇರ ಗೆರೆಯಲ್ಲಿ ನಡೆಯಲಾಗದಿದ್ದರೆ ಮಿದುಳು ಊದಿಕೊಳ್ಳುತ್ತಿರುವ ಲಕ್ಷಣ. ಎರಡಕ್ಕೂ ಬೆಳಗಿನವರೆಗೆ ಕಾಯುವಂತಿಲ್ಲ. ಆಮ್ಲಜನಕ ಕೊಟ್ಟು ಕೆಳಗಿಳಿಸಬೇಕು. ಆದರೆ ಪ್ಯಾಂಗಾಂಗ್‌ನಿಂದ ಲೇಹ್‌ಗೆ ಬರುವ ಮುಖ್ಯ ದಾರಿ 5,300 ಮೀ. ದಾಟಿದ ಚಾಂಗ್ ಲಾ ಎಂಬ ಬೆಟ್ಟದ ಕಣಿವೆದಾರಿಯನ್ನು ಹತ್ತಿಯೇ ಇಳಿಯುತ್ತದೆ. ಆದ್ದರಿಂದ ಗಾಡಿಯಲ್ಲಿ ತುಂಬಿದ ಸಿಲಿಂಡರ್, ಮಾಸ್ಕ್ ಇದೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಿ. ಸ್ಪ್ರೇ ಡಬ್ಬಿಯ ಆಮ್ಲಜನಕ ಕೆಲವೇ ನಿಮಿಷಕ್ಕೆ ಮುಗಿಯುತ್ತದೆ.

– ಒಬ್ಬ ವೈದ್ಯ, ಮೈಸೂರು