ಲೂಯಿಸ್ ಸ್ಮಿತ್ ಅವರಿಗೂ ಪುಟದಲ್ಲಿ ಜಾಗವಿರಲಿ

ಮಾನ್ಯರೇ,

ಕಾರು ರೇಸಿನಲ್ಲಿ ಮಹಿಳೆಯರ ಸಾಧನೆಯ ಮಾತು ಬಂದಾಗಲೆಲ್ಲ, 1977ರಲ್ಲಿ ಅಮೆರಿಕದ ಹೆಸರಾಂತ ರೇಸುಗಳಾದ ಡೇಟೋನಾ 500 ಮತ್ತು ಇಂಡಿಯಾನಾಪೊಲಿಸ್ 500 ಎರಡರಲ್ಲೂ ಸ್ಪರ್ಧಿಸಿದ ಜಾನೆಟ್ ಗುತ್ರಿ ಅವರ ಹೆಸರೇ ಮೊದಲು ಕೇಳಿಬರುತ್ತದೆ. ಅವರ ಸಾಧನೆ ದೊಡ್ಡದು, ನಿಜ. ಆದರೆ ಅದಕ್ಕೂ ಮೂವತ್ತು ವರ್ಷ ಮೊದಲೇ, ಅಮೆರಿಕದ ದಕ್ಷಿಣ ಕೆರೊಲಿನಾದ ಗ್ರೀನ್‌ವಿಲ್ ಬಳಿಯ ಮಣ್ಣಿನ ಟ್ರ್ಯಾಕಿನಲ್ಲಿ ರೇಸಿಗಿಳಿದ ಲೂಯಿಸ್ ಸ್ಮಿತ್ ಅವರನ್ನು ನಾವು ಸ್ಮರಿಸುವುದೇ ಇಲ್ಲ.

ಮಹಿಳೆಯೊಬ್ಬಳು ಕಾರು ಓಡಿಸಿದರೆ ಜನ ಹೆಚ್ಚು ಸೇರುತ್ತಾರೆಂಬ ಲೆಕ್ಕಾಚಾರದಿಂದ ಸಂಘಟಕರು ಅವರನ್ನು ಕರೆತಂದಿದ್ದರು. ಹಾಗೆ ಬಂದವರು ಆಕರ್ಷಣೆಯ ವಸ್ತುವಾಗಿ ಉಳಿಯದೆ, ಹಲವು ಭೀಕರ ಅಪಘಾತಗಳಿಂದ ಚೇತರಿಸಿಕೊಂಡು, ಸುಮಾರು ಹತ್ತು ವರ್ಷಗಳಲ್ಲಿ ವಿವಿಧ ವರ್ಗಗಳ 38 ರೇಸುಗಳನ್ನು ಗೆದ್ದರು. 1949ರಲ್ಲಿ ಡೇಟೋನಾ ಕಡಲತೀರದಲ್ಲಿ ನಡೆದ ನಾಸ್ಕಾರ್ (ಅಮೆರಿಕದ ಕಾರು ರೇಸ್ ಸಂಸ್ಥೆ) ಸ್ಪರ್ಧೆಯಲ್ಲಿ ಇನ್ನಿಬ್ಬರು ಮಹಿಳಾ ಚಾಲಕರಾದ ಸಾರಾ ಕ್ರಿಶ್ಚಿಯನ್ ಮತ್ತು ಎಥೆಲ್ ಮೋಬ್ಲಿ ಅವರೊಂದಿಗೆ ಇವರೂ ಇದ್ದರು. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಗೌರವ ಪಟ್ಟಿಗೆ ಸೇರಿದ ಮೊದಲ ಮಹಿಳೆಯೂ ಇವರೇ. ಆದರೆ ಆ ಮನ್ನಣೆ ದೊರೆತದ್ದು 1999ರಲ್ಲಿ, ಅವರು ರೇಸು ಬಿಟ್ಟು ನಲವತ್ತು ವರ್ಷಗಳಾದ ಮೇಲೆ.

ಸ್ಥಳೀಯ ಟ್ರ್ಯಾಕುಗಳ ಗೆಲುವನ್ನು ಚಿಕ್ಕದೆಂದು ಬದಿಗಿಡುವುದು ಅನ್ಯಾಯವೆಂದೇ ನನ್ನ ಭಾವನೆ. ತಮ್ಮ ಕ್ರೀಡಾ ಪುಟದಲ್ಲಿ ಇಂಥವರ ವೃತ್ತಿಜೀವನದ ಕುರಿತು ವಿವರವಾದ ಲೇಖನಗಳು ಬರಲೆಂದು ಕೋರುತ್ತೇನೆ.

– ಓದುಗ, ಹಾಸನ