ವಿಂಗಿನ ಹುಡುಗನ ಬಗ್ಗೆ ಗೋಲಿಗೊಂದು ಪತ್ರ

ಚಿಕ್ಕಮಗಳೂರು
ಭಾನುವಾರ ರಾತ್ರಿ

ಪ್ರೀತಿಯ ಗೋಲಿ,

ನೀನು ವಾಟ್ಸಾಪಲ್ಲಿ ಕೇಳಿದ್ದು ಒಂದೇ ಸಾಲು. "ಪುಟ್ಟನನ್ನು ಬೆಂಗಳೂರಿನ ಫುಟ್‌ಬಾಲ್ ಅಕಾಡೆಮಿಗೆ ಕಳಿಸಲಾ, ಬೇಡ್ವಾ?" ಇದಕ್ಕೆ ಒಂದು ಸಾಲಲ್ಲಿ ಉತ್ತರ ಬರಲ್ಲ ಮಾರಾಯ. ವಾಯ್ಸ್ ಮೆಸೇಜ್ ಹಾಕಿದರೆ ನೀನು ಹಾಸನದ ಬಸ್‌ಸ್ಟ್ಯಾಂಡಲ್ಲಿ ನಿಂತು ಡಬಲ್ ಸ್ಪೀಡಲ್ಲಿ ಕೇಳಿ ಮುಗಿಸ್ತೀಯ. ಅದಕ್ಕೇ ಎಲ್ಲರ ಕಣ್ಣಿಗೂ ಬೀಳೋ ಹಾಗೆ ಇಲ್ಲೇ ಬರೀತಿದ್ದೀನಿ. ಮಗ ಜೋರಾಗಿ ಓಡ್ತಾನೆ ಅಂತ ನಿದ್ದೆಗೆಟ್ಟ ಅಪ್ಪಂದಿರು ನೀನೊಬ್ಬನೇ ಅಲ್ಲ. ಬಾಳೆಹೊನ್ನೂರಿನ ಛತ್ರಿ ವಿಷಯ ಮಾತ್ರ ದಯವಿಟ್ಟು ಎಲ್ಲರೆದುರು ಎತ್ತಬೇಡ.

ಪುಟ್ಟನ ವೇಗದ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರೋದು ಆ ವೇಗದಿಂದ ಅವನ ಕೆಲಸ ಇಷ್ಟು ಸಲೀಸಾಗಿ ಆಗ್ತಿದೆಯಲ್ಲ, ಅದರ ಬಗ್ಗೆ. ಅವನು ವಿಂಗರ್, ಅಂದರೆ ಮೈದಾನದ ಅಂಚಿಂದ ದಾಳಿ ಮಾಡೋನು, ಅವನಿಗೆ ಗೊತ್ತಿರೋದು ಒಂದೇ ಆಟ. ಎದುರು ತಂಡದಲ್ಲಿ ಆ ಅಂಚು ಕಾಯೋ ಫುಲ್‌ಬ್ಯಾಕ್ ಪಕ್ಕದಿಂದ ಚೆಂಡನ್ನು ಹತ್ತು ಹದಿನೈದು ಮೀಟರ್ ಮುಂದಕ್ಕೆ ತಳ್ತಾನೆ, ಹಿಂದೇನೇ ಓಡ್ತಾನೆ. ಹದಿನಾಲ್ಕು ವರ್ಷದವರ ಮ್ಯಾಚಲ್ಲಿ ಇಷ್ಟೇ ಸಾಕು, ಯಾಕೆಂದರೆ ಫುಲ್‌ಬ್ಯಾಕ್ ಸೋತರೆ ಅವನ ಹಿಂದೆ ಕವರ್ ಮಾಡೋಕೆ ಯಾರೂ ಇರಲ್ಲ. ಜೊತೆಗೆ ನಮ್ಮ ಕಡೆ ನೆಲವೂ ಅವನ ಪಕ್ಷ. ಮಳೆಗಾಲದಲ್ಲಿ ಮೂಡಿಗೆರೆ ಕಡೆ ಮ್ಯಾಚ್ ಇದ್ದಾಗ ನೋಡು, ತಳ್ಳಿದ ಚೆಂಡು ಕೆಸರಲ್ಲಿ ಸಿಕ್ಕಿಕೊಂಡು ಅಲ್ಲೇ ನಿಲ್ಲುತ್ತೆ, ಪುಟ್ಟ ಹೋಗಿ ತಗೋತಾನೆ. ಅದೇ ಚೆಂಡನ್ನು ಬೆಂಗಳೂರಿನ ಟರ್ಫಲ್ಲಿ, ಅಂದರೆ ಕೃತಕ ಹುಲ್ಲಲ್ಲಿ, ತಳ್ಳಲಿ, ಜಾರಿಕೊಂಡು ಸೀದಾ ಕೀಪರ್ ಕೈಗೆ ಹೋಗುತ್ತೆ. ಟ್ರಯಲ್ಸಲ್ಲಿ ಮೊದಲ ಹತ್ತು ನಿಮಿಷ ಹಾಗೇ ಆಗುತ್ತೆ, ಈಗಲೇ ಹೇಳಿಟ್ಟಿರು.

ಇನ್ನೊಂದು, ಇದು ನಿನಗೆ ಇಷ್ಟ ಆಗಲ್ಲ. ಅವನಿಗೆ ಮೀಸೆ ಚಿಗುರಿದೆ, ಜೊತೆಯವರಿಗೆ ಇನ್ನೂ ಇಲ್ಲ. ಹುಡುಗರು ಹದಿಮೂರು ಹದಿನಾಲ್ಕರ ಆಸುಪಾಸಲ್ಲಿ ಒಮ್ಮೆ ದಿಢೀರಂತ ಬೆಳೀತಾರೆ, ಕೆಲವರು ವರ್ಷಕ್ಕೆ 8–9 ಸೆಂ.ಮೀ. ಒಂದು ವರ್ಷ ಮೊದಲೇ ಬೆಳೆದವನು ಉಳಿದವರ ಮುಂದೆ ಕುದುರೆ ಹಾಗೆ ಕಾಣ್ತಾನೆ. ಹದಿನೇಳರ ಹೊತ್ತಿಗೆ ಅವರೂ ಬೆಳೆದಿರ್ತಾರೆ. ಆಗ ಅವನ ಕೈಲಿ ಉಳಿಯೋದು ಎಷ್ಟು ಅನ್ನೋದೇ ಪ್ರಶ್ನೆ. ಅಂದಹಾಗೆ, ಮೂರು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಎತ್ತರ ಗುರುತು ಮಾಡೋಕೆ ಅಜ್ಜಿಗೆ ಹೇಳು. ಜಾಸ್ತಿ ಬೆಳೀತಿರೋ ತಿಂಗಳುಗಳಲ್ಲಿ ಮಂಡಿಚಿಪ್ಪಿನ ಕೆಳಗೆ ಉಬ್ಬಿ ನೋವು ಬಂದರೆ ಓಟ, ಜಿಗಿತ ಕಮ್ಮಿ ಮಾಡಿಸಬೇಕು. ಎಣ್ಣೆ ತಿಕ್ಕಿ ಮತ್ತೆ ಮೈದಾನಕ್ಕೆ ಅಟ್ಟೋದಲ್ಲ.

ಇರೋ ಮೂರು ವರ್ಷದಲ್ಲಿ ಏನು ಕಲೀಬೇಕು ಅಂದರೆ, ಮೊದಲು ನಿಲ್ಲೋದು. ಬೆನ್ನು ಸೈಡ್‌ಲೈನಿಗೆ, ಎದೆ ಪೂರ್ತಿ ಮೈದಾನಕ್ಕೆ. ಚೆಂಡು ಬರೋ ಮುಂಚೆ ಭುಜದ ಮೇಲಿಂದ ಎರಡು ಸಲ ನೋಡಬೇಕು, ಫುಲ್‌ಬ್ಯಾಕ್ ಎಷ್ಟು ದೂರ, ಅವನ ಹಿಂದೆ ಯಾರು. ಚೆಂಡಿಗೆ ದೂರದ ಕಾಲಲ್ಲಿ ಫಸ್ಟ್ ಟಚ್ ತಗೊಂಡರೆ ಅದೇ ಟಚ್ಚಲ್ಲಿ ಮುಂದಕ್ಕೆ ತಿರುಗಬಹುದು. ಪುಟ್ಟ ಹತ್ತಿರದ ಕಾಲಲ್ಲಿ ತಗೋತಾನೆ, ಚೆಂಡು ಕಾಲಡಿ ಸಿಕ್ಕಿಕೊಂಡು ಗೆರೆಗೆ ಅಂಟಿಕೋತಾನೆ, ಆಮೇಲೆ ತಳ್ಳಿ ಓಡದೇ ಬೇರೆ ದಾರಿ ಇರಲ್ಲ.

ಎದುರಾಳಿ ಮುಂದೆ ನಿಂತಾಗ ಅವನ ಕಾಲು ನೋಡಬಾರದು, ಸೊಂಟ ನೋಡಬೇಕು. ಯಾವ ಕಡೆಗೆ ವಾಲಿದ್ದಾನೋ ಅದರ ಇನ್ನೊಂದು ಕಡೆಯಿಂದ ದಾಟಬೇಕು, ಯಾಕೆಂದರೆ ವಾಲಿದ ಮೈಯನ್ನು ವಾಪಸ್ ತರದೆ ಅವನು ಆ ಕಡೆಗೆ ಹೋಗೋಕಾಗಲ್ಲ. ಇದಕ್ಕೆ ಬೇಕಾಗೋದು ಐದು ಗಜದ ವೇಗ. ಇಂಗ್ಲೆಂಡಿನ ಹಳೇ ವಿಂಗರ್ ಸ್ಟ್ಯಾನ್ಲಿ ಮ್ಯಾಥ್ಯೂಸ್ ಐವತ್ತು ತುಂಬಿದ ಐದನೇ ದಿನ, 1965ರ ಫೆಬ್ರವರಿಯಲ್ಲಿ, ಸ್ಟೋಕ್ ಸಿಟಿ ಪರ ಇಂಗ್ಲೆಂಡಿನ ಮೊದಲ ಡಿವಿಷನ್‌ನಲ್ಲಿ ಆಡಿದ. ಆ ವಯಸ್ಸಲ್ಲಿ ಐವತ್ತು ಗಜ ಓಡಿ ಯಾರನ್ನೂ ಹಿಂದೆ ಹಾಕೋಕಾಗಲ್ಲ. ಭುಜ ಒಂದು ಕಡೆ ಇಳಿಸಿ, ಫುಲ್‌ಬ್ಯಾಕ್ ವಾಲೋವರೆಗೂ ಕಾದು, ಇನ್ನೊಂದು ಕಡೆ ಹೋಗೋದು ಅವನ ವಿದ್ಯೆ.

ಕ್ರಾಸ್, ಅಂದರೆ ಅಂಚಿಂದ ಗೋಲಿನ ಮುಂದಕ್ಕೆ ಹಾಕೋ ಚೆಂಡು, ಅದರ ವಿಷಯ ನಿನಗೆ ನಾನು ಹೇಳಬೇಕಾ? ನೀನು ಗೋಲಿ, ಗೋಲ್‌ಕೀಪರ್ ಆಗಿದ್ದವನು. ದೂರದಿಂದ ಎತ್ತರಕ್ಕೆ ಎತ್ತಿ ಹಾಕಿದ ಚೆಂಡು ನಿನಗೆ ಹಬ್ಬ, ಒಂದು ಹೆಜ್ಜೆ ಮುಂದೆ ಬಂದು ಹಿಡೀತಿದ್ದೆ. ನಿನಗೆ ಹೊಟ್ಟೆ ಕಲಸ್ತಿದ್ದದ್ದು ವಿಂಗರ್ ಗೋಲ್‌ಲೈನ್ ತನಕ ಬಂದು, ಆರು ಗಜದ ಗೆರೆಗೂ ಪೆನಾಲ್ಟಿ ಚುಕ್ಕಿಗೂ ನಡುವೆ, ನೆಲಕ್ಕಂಟಿದ ಹಾಗೆ ಹಿಂದಕ್ಕೆ ಕೊಡೋ ಪಾಸ್. ಡಿಫೆಂಡರುಗಳು ತಮ್ಮ ಗೋಲಿನ ಕಡೆಗೇ ಮುಖ ಮಾಡಿ ಓಡ್ತಿರ್ತಾರೆ, ಹಿಂದಿನಿಂದ ಬರೋನು ಅವರಿಗೆ ಕಾಣಲ್ಲ. ದೊಡ್ಡ ಲೀಗುಗಳಲ್ಲೂ ಮಾಮೂಲಿ ಕ್ರಾಸ್ ನಾಲ್ಕೈದಕ್ಕೆ ಒಂದು ತಮ್ಮವನನ್ನು ಮುಟ್ಟಿದರೆ ಪುಣ್ಯ. ಪುಟ್ಟ ಗೋಲಿನ ಮುಂದಿನ ಬಾಕ್ಸ್ ಕಡೆ ತಲೆ ಎತ್ತಿ ನೋಡೋದು ಹೊಡೆದಾದ ಮೇಲೆ. ಕೊನೇ ಟಚ್ಚಿಗೆ ಮುಂಚೆ ನೋಡೋದನ್ನು ಕಲಿಸು.

ಅವನು ಎಡಗಾಲಿನವನು, ಎಡಕ್ಕೇ ನಿಲ್ಲಿಸ್ತಾರೆ. ಬಲಕ್ಕೂ ನಿಲ್ಲಿಸಲಿ. ಡಚ್ ವಿಂಗರ್ ರಾಬೆನ್ ಬಲಗಡೆಯಿಂದ ಒಳಗೆ ತಿರುಗಿ ಎಡಗಾಲಲ್ಲಿ ಹೊಡೀತಾನೆ ಅನ್ನೋದು ಯುರೋಪಿನ ಪ್ರತಿ ಫುಲ್‌ಬ್ಯಾಕಿಗೂ ಗೊತ್ತಿತ್ತು. ಗೊತ್ತಿದ್ದೂ ತಡೆಯೋಕಾಗ್ತಿರಲಿಲ್ಲ, ಯಾವ ಹೆಜ್ಜೆಗೆ ತಿರುಗ್ತಾನೆ ಅನ್ನೋದು ಗೊತ್ತಾಗ್ತಿರಲಿಲ್ಲ. ಆದರೆ 2013ರ ಚಾಂಪಿಯನ್ಸ್ ಲೀಗ್ ಫೈನಲ್‌ನ 89ನೇ ನಿಮಿಷದ ಗೋಲು ಮತ್ತೊಮ್ಮೆ ಹಾಕಿ ನೋಡು. ಅಲ್ಲಿ ಆ ಪ್ರಸಿದ್ಧ ತಿರುವೇ ಇಲ್ಲ. ಜೊತೆಯ ಆಟಗಾರ ರಿಬೆರಿ ಹಿಮ್ಮಡಿಯಲ್ಲಿ ಚೆಂಡು ಬಿಟ್ಟ, ರಾಬೆನ್ ನಟ್ಟನಡುವೆ ನುಗ್ಗಿ ಕೀಪರ್ ಪಕ್ಕದಿಂದ ಮೆಲ್ಲಗೆ ಉರುಳಿಸಿದ. ಹೋದ ದಸರಾ ರಜೆಯಲ್ಲಿ ಪುಟ್ಟನಿಗೆ ತೋರಿಸಿದ್ದೆ, "ಮಾಮ, ಇದ್ರಲ್ಲಿ ಏನಿದೆ, ಯಾರು ಬೇಕಾದ್ರೂ ಹಾಕ್ತಾರೆ" ಅಂದ. ನಿನ್ನ ಮಗನೇ ಬಿಡು.

ಇನ್ನು ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂಭಾಗದ ಸ್ನಾಯು. ವಿಂಗರನ ಹೊಟ್ಟೆಪಾಡು ಇರೋದೇ ಅಲ್ಲಿ. ಪೂರ್ತಿ ವೇಗದಲ್ಲಿ ಓಡುವಾಗ ಕಾಲು ಮುಂದೆ ಚಾಚಿ, ನೆಲ ಮುಟ್ಟೋ ಸ್ವಲ್ಪ ಮುಂಚೆ, ಅದು ಎಳೆದುಕೊಂಡೇ ಬ್ರೇಕ್ ಹಾಕಬೇಕು. ಹರಿಯೋದು ಆವಾಗಲೇ. ಇದಕ್ಕೆ ನಾರ್ಡಿಕ್ ಅನ್ನೋ ವ್ಯಾಯಾಮ ಇದೆ, ಚಾಪೆ ಒಂದಿದ್ದರೆ ಮನೆಯಲ್ಲೇ ಆಗುತ್ತೆ. ಮಂಡಿಯೂರಿ ಕೂರಬೇಕು, ಇನ್ನೊಬ್ಬರು ಹಿಂದಿನಿಂದ ಪಾದದ ಗಂಟು ಒತ್ತಿ ಹಿಡೀಬೇಕು, ಮಂಡಿಯಿಂದ ಭುಜದವರೆಗೆ ಮೈ ನೆಟ್ಟಗಿಟ್ಟುಕೊಂಡು ಎಷ್ಟಾಗುತ್ತೋ ಅಷ್ಟು ನಿಧಾನವಾಗಿ ಮುಂದಕ್ಕೆ ಇಳೀಬೇಕು, ತಡೆಯೋಕಾಗದಾಗ ಕೈ ಊರಬೇಕು. ಮೊದಲ ವಾರ ಒಂದೇ ದಿನ, 5ರಂತೆ 2 ಸುತ್ತು. ಎರಡನೇ ವಾರ ಎರಡು ದಿನ, 6ರಂತೆ 2. ಮೂರನೇ ವಾರದಿಂದ ಮೂರು ದಿನ, 6ರಿಂದ 8ರಂತೆ 3 ಸುತ್ತು. ಆಮೇಲೆ ನಿಧಾನಕ್ಕೆ ಏರಿಸಿ ಐದನೇ ವಾರದ ಹೊತ್ತಿಗೆ ಮೂರು ಸುತ್ತಿಗೆ 12, 10, 8. ಎಲ್ಲರೂ ಮಾಡೋ ತಪ್ಪು ಸೊಂಟ ಹಿಂದಕ್ಕೆ ಮಡಚೋದು, ಆಗ ಭಾರ ಸ್ನಾಯುವಿಗೆ ಬೀಳೋದೇ ಇಲ್ಲ. ಎರಡನೇ ತಪ್ಪು ಮೊದಲ ದಿನವೇ ಮೂವತ್ತು ಹೊಡೆಯೋದು. ಮರುದಿನ ಮೆಟ್ಟಿಲು ಇಳಿಯೋಕಾಗಲ್ಲ, ಮೂರನೇ ದಿನ "ಇದು ಸರಿ ಇಲ್ಲ" ಅಂತ ಬಿಡ್ತಾರೆ. ಇದನ್ನು ಬಿಡದೆ ಮಾಡಿದ ತಂಡಗಳಲ್ಲಿ ಈ ಗಾಯ ಸುಮಾರು ಅರ್ಧಕ್ಕೆ ಇಳಿದಿದೆ.

ಇದರ ಜೊತೆ ವಾರಕ್ಕೊಮ್ಮೆ ನಿಜವಾದ ಫುಲ್ ಸ್ಪೀಡ್ ಓಟ ಬೇಕು. 30–40 ಮೀಟರಿನವು ನಾಲ್ಕೈದು, ನಡುನಡುವೆ ಎರಡು ಮೂರು ನಿಮಿಷ ಪೂರ್ತಿ ವಿಶ್ರಾಂತಿ. ಮೈದಾನ ಹತ್ತು ಸುತ್ತು ಹಾಕಿಸೋದು ಶಿಕ್ಷೆಗೆ ಸರಿ, ವೇಗಕ್ಕೆ ಅಲ್ಲ. ಒಮ್ಮೆ ಹರಿದರೆ ನೋವು ಹೋದ ತಕ್ಷಣ ಮ್ಯಾಚಿಗೆ ಇಳಿಸಬಾರದು. ಪ್ರಾಕ್ಟೀಸಲ್ಲಿ ಮೊದಲಿನ ವೇಗಕ್ಕೆ ಮರಳಿದ್ದಾನಾ ಅಂತ ನೋಡಿಯೇ ಇಳಿಸಬೇಕು. ಇಲ್ಲಾಂದರೆ ಅದೇ ಜಾಗದಲ್ಲಿ ಮತ್ತೆ ಹರಿಯುತ್ತೆ.

ಇಷ್ಟೆಲ್ಲ ಯಾಕೆ ಅಂದರೆ, ವಿಂಗರ್ ಆಗಿ ಶುರು ಮಾಡಿ ಉಳಿದವರೆಲ್ಲ ಹೆಚ್ಚುಕಮ್ಮಿ ಇನ್ನೊಂದು ಥರದ ಆಟಗಾರ ಆಗಿಯೇ ಉಳಿದಿದ್ದು. ಗಿಗ್ಸ್‌ಗೆ ಹ್ಯಾಮ್‌ಸ್ಟ್ರಿಂಗ್ ಕಾಟ ಇತ್ತು, ಯೋಗ ಹಿಡಿದ, ವೇಗ ಇಳಿದಾಗ ಗೆರೆ ಬಿಟ್ಟು ನಡುವಿಗೆ ಬಂದ, ನಲವತ್ತರವರೆಗೆ ಮ್ಯಾಂಚೆಸ್ಟರ್ ಯುನೈಟೆಡ್‌ಗೆ 963 ಮ್ಯಾಚ್ ಆಡಿದ. ಅದೇ ಕ್ಲಬ್ಬಿನ ವೆಲೆನ್ಸಿಯಾ ಬಲ ವಿಂಗಿನಿಂದ ರೈಟ್‌ಬ್ಯಾಕ್ ಆಗಿ ಕ್ಯಾಪ್ಟನ್ನೂ ಆದ. ಆಶ್ಲಿ ಯಂಗ್ ವಿಂಗ್‌ಬ್ಯಾಕ್ ಆಗಿ ಇಟಲಿಗೆ ಹೋಗಿ 2021ರಲ್ಲಿ ಇಂಟರ್ ಜೊತೆ ಲೀಗ್ ಗೆದ್ದ. ಬೇಲ್ ಹುಟ್ಟಾ ಲೆಫ್ಟ್‌ಬ್ಯಾಕ್, ಉಲ್ಟಾ ದಾರೀಲಿ ವಿಂಗಿಗೆ ಬಂದು 33ಕ್ಕೆ ಬೂಟು ಕಳಚಿದ. ನಮ್ಮಲ್ಲಿ ಉದಾಂತ ಸಿಂಗ್ ಟಾಟಾ ಅಕಾಡೆಮಿಯಿಂದ 2014ರಲ್ಲಿ ಬೆಂಗಳೂರಿಗೆ ಬಂದವನು, ಕಂಠೀರವದಲ್ಲಿ ಅವನು ಗೆರೆ ಹಿಡಿದು ಹೊರಟರೆ ಇಡೀ ಸ್ಟ್ಯಾಂಡ್ ಏಳ್ತಿತ್ತು. 2023ರಲ್ಲಿ ಗೋವಾಕ್ಕೆ ಹೋದ. ಹಳೇ ಕಾಲದ ಪಿ.ಕೆ. ಬ್ಯಾನರ್ಜಿ ಬಲ ವಿಂಗಿನವರು, 1962ರ ಏಷ್ಯನ್ ಗೇಮ್ಸ್ ಫೈನಲ್ಲಿನಲ್ಲಿ ಗೋಲು ಹೊಡೆದವರು. ಕಲ್ಕತ್ತಾದ ದೊಡ್ಡ ಕ್ಲಬ್ಬುಗಳು ಪಕ್ಕದಲ್ಲೇ ಇದ್ದರೂ ಈಸ್ಟರ್ನ್ ರೈಲ್ವೆ ಬಿಡಲಿಲ್ಲ. ಆಟ ಮುಗಿದ ಮೇಲೂ ಕೆಲಸ ಇರುತ್ತೆ ಅನ್ನೋದು ಆ ಕಾಲದ ಆಟಗಾರನಿಗೆ ಸಣ್ಣ ವಿಷಯ ಆಗಿರಲಿಲ್ಲ. ಈ ಕಾಲಕ್ಕೂ ಅಲ್ಲ ಬಿಡು, 2025ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಶುರುವಾಗೋದೇ ಅನುಮಾನ ಆದಾಗ ಕೆಲವು ಕ್ಲಬ್‌ಗಳು ಸಂಬಳವನ್ನೇ ತಡೆಹಿಡಿದವು.

ಈ ಹೆಸರುಗಳನ್ನು ಬರೆದು ಮತ್ತೊಮ್ಮೆ ಓದಿದೆ ನೋಡು, ಅಲ್ಲೇ ಸಿಕ್ಕಿಹಾಕಿಕೊಂಡೆ. ಇವರೆಲ್ಲ ದಡ ಸೇರಿದವರು. ಹದಿನೇಳಕ್ಕೆ ಅಕಾಡೆಮಿಯಿಂದ "ಬೇಡ" ಅನಿಸಿಕೊಂಡು, ಟ್ರಂಕ್ ಹಿಡ್ಕೊಂಡು ಕಡೂರಲ್ಲಿ ರೈಲಿಳಿದ ಹುಡುಗನ ಹೆಸರು ನನಗೆ ಎಲ್ಲಿಂದ ಗೊತ್ತಾಗಬೇಕು? "ಕಳಿಸು" ಅಂತ ನಾನಂದು, ಪುಟ್ಟ ಹಾಗೆ ವಾಪಸ್ ಬಂದರೆ ನಿನ್ನ ಮುಖ ನೋಡೋ ಧೈರ್ಯ ನನಗಿಲ್ಲ. "ಬೇಡ" ಅನ್ನೋಣ ಅಂದರೆ ಅದೂ ನಿನ್ನ ಮಗನ ಹಿತಕ್ಕೆ ಬಂದ ಮಾತಲ್ಲ. ಅವನಿಲ್ಲದ ಭಾನುವಾರದ ಮೈದಾನ ನನಗೆ ಬೇಡ, ಅಷ್ಟೇ. ಮೇಲೆ ಇಷ್ಟುದ್ದ ಬರೆದೆನಲ್ಲ, ಸೊಂಟ ನೋಡು, ತಲೆ ಎತ್ತು, ಕಾದು ಹೋಗು ಅಂತ. ಅವನು ಅದ್ಯಾವುದನ್ನೂ ಮಾಡದೆ ಚೆಂಡನ್ನು ಸುಮ್ಮನೆ ಮುಂದಕ್ಕೆ ತಳ್ಳಿ ಓಡಿದಾಗ ಮೊದಲು ಎದ್ದು ಕೂಗೋನು ನಾನೇ. ಅವನು ಎಲ್ಲ ಕಲಿತು, ಮೂವತ್ತಕ್ಕೆ ಜಾಣ ಲೆಫ್ಟ್‌ಬ್ಯಾಕ್ ಆಗಿ, ಅಳೆದೂ ಸುರಿದೂ ಪಾಸ್ ಕೊಡೋದನ್ನು ನೋಡೋಕೆ ನನಗೆ ಮನಸ್ಸಿಲ್ಲ ಅನ್ನಿಸುತ್ತೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಈಗ ಊರಿಗೇ ಹೇಳಿದ ಹಾಗಾಯ್ತು.

ಸಾಕು, ಇದನ್ನು ಓದಿ ನಿನ್ನ ಹೆಂಡತಿ "ನಿಮ್ಮ ಫ್ರೆಂಡಿಗೆ ಬಿ.ಪಿ. ಚೆಕ್ ಮಾಡಿಸಿ" ಅಂತಾಳೆ. ಕೆಲಸದ ಮಾತಿಗೆ ಬರ್ತೀನಿ.

ಅಕಾಡೆಮಿಗೆ ಹೋದಾಗ ಹಾಸ್ಟೆಲ್ ಊಟ ಕೇಳೋ ಮುಂಚೆ ಮೂರು ವಿಷಯ ಕೇಳು. ವರ್ಷಕ್ಕೆ ಎಷ್ಟು ಲೀಗ್ ಮ್ಯಾಚ್ ಆಡಿಸ್ತಾರೆ? ಫಿಸಿಯೋ ದಿನಾ ಇರ್ತಾರಾ, ಮ್ಯಾಚಿನ ದಿನ ಮಾತ್ರನಾ? ಮಧ್ಯದಲ್ಲಿ ಬಿಟ್ಟರೆ ಶಾಲೆ ಅಲ್ಲೇ ಮುಂದುವರಿಯುತ್ತಾ, ಟಿ.ಸಿ. ಕೊಟ್ಟು ಕಳಿಸ್ತಾರಾ? ಮುಂದೆ ಸಹಿ ಹಾಕೋ ದಿನ ಬಂದರೆ, ಹದಿನೆಂಟರ ಒಳಗಿನವರಿಗೆ ಮೂರು ವರ್ಷಕ್ಕಿಂತ ಉದ್ದದ ಕಾಂಟ್ರಾಕ್ಟ್ ಫಿಫಾ ನಿಯಮದಲ್ಲಿಲ್ಲ, ಯಾರಾದರೂ ಐದು ವರ್ಷದ ಕಾಗದ ಮುಂದಿಟ್ಟರೆ ಕಾಫಿ ಕುಡಿದು ಎದ್ದು ಬಾ. ಪುಟ್ಟ ಈಗ ಆಡ್ತಿರೋ ಕ್ಲಬ್ಬಲ್ಲಿ ಅವನ ರಿಜಿಸ್ಟ್ರೇಷನ್ ಸರಿಯಾಗಿದೆಯಾ ಅಂತಲೂ ನೋಡು. ಹನ್ನೆರಡನೇ ವಯಸ್ಸಿಂದ ಯಾವ ಕ್ಲಬ್ ಬೆಳೆಸಿತು ಅನ್ನೋದು ದಾಖಲೆಯಲ್ಲಿದ್ದರೆ, ನಾಳೆ ಅವನು ದುಡ್ಡಿಗೆ ಬೇರೆ ದೇಶಕ್ಕೆ ಹೋದಾಗ ಆ ವರ್ಗಾವಣೆ ಮೊತ್ತದ 5 ಶೇಕಡಾದಲ್ಲಿ ಬೆಳೆಸಿದವರಿಗೂ ಪಾಲು ಬರುತ್ತೆ. ನಮ್ಮ ಕ್ಲಬ್ಬಿನ ಗೋಲ್‌ಪೋಸ್ಟಿಗೆ ನೆಟ್ ಆದರೂ ಬಂದೀತು.

ಬೂಟು ಹೊಸದು ತಗೋ, ಆದರೆ ಟ್ರಯಲ್ಸಿಗೆ ಎರಡು ವಾರ ಮುಂಚೆ. ಈಗ ಹಾಕ್ತಿರೋ ಉದ್ದ ಸ್ಟಡ್ಡಿನದ್ದು ನಮ್ಮ ಕೆಸರಿಗೆ ಲಾಯಕ್ಕು, ಟರ್ಫಲ್ಲಿ ಅದು ನೆಲ ಕಚ್ಚಿಕೊಂಡು ಬಿಡಲ್ಲ, ಕಾಲು ನಿಂತು ಮೈ ತಿರುಗಿದರೆ ಮಂಡಿ ಲಿಗಮೆಂಟಿಗೆ ಬರುತ್ತೆ. ಗಿಡ್ಡ ಸ್ಟಡ್ ಜಾಸ್ತಿ ಇರೋದು, ಟರ್ಫಿಗೆ ಅಂತಲೇ ಮಾಡಿದ್ದು ತಗೋ. ಒಂದು ಸೈಜ್ ದೊಡ್ಡದು ತಗೊಂಡು ಮುಂದಿನ ವರ್ಷಕ್ಕೂ ಆಗುತ್ತೆ ಅನ್ನೋ ಹಾಸನದ ಬುದ್ಧಿ ಬೇಡ.

ಶನಿವಾರ ಬಾ. ನಾರ್ಡಿಕ್ ಹೇಗೆ ಅಂತ ನಾನೇ ಮಾಡಿ ತೋರಿಸ್ತೀನಿ, ಪಾದ ಹಿಡಿಯೋಕೆ ನೀನು ಬೇಕು, ಆಮೇಲೆ ನನ್ನನ್ನು ಎಬ್ಬಿಸೋಕೆ ಇನ್ನಿಬ್ಬರು ಬೇಕು. ಆ ಎರಡು ಇಡ್ಲಿಯ ಲೆಕ್ಕ ಇನ್ನೂ ಬಾಕಿ ಇದೆ, ಮರೆತಿದ್ದೀನಿ ಅಂದುಕೊಳ್ಳಬೇಡ.

ನಿನ್ನ,
ಖಾಯಂ ಹನ್ನೆರಡನೆಯವ