ತಡವಾಗಿ ಸುರಿದ ‘ಮುಂಗಾರು ಮಳೆ’

ಪ್ರಿಯ ಗೆಳೆಯಾ,

ನೀನು ಕೊಟ್ಟು ಕಳಿಸಿದ್ದ ಡಿವಿಡಿಯಲ್ಲಿ ‘ಮುಂಗಾರು ಮಳೆ’ಯನ್ನು ಕಡೆಗೂ ನೋಡಿದೆ. 2006ರ ಡಿಸೆಂಬರ್ 29ರಂದು ತೆರೆಕಂಡು, ಬೆಂಗಳೂರಿನ ಮಲ್ಟಿಪ್ಲೆಕ್ಸ್ ಒಂದರಲ್ಲೇ ವರ್ಷಕ್ಕೂ ಮೀರಿ ಓಡಿದ ಈ ಚಿತ್ರವನ್ನು ನೋಡಿಲ್ಲವೆಂದರೆ ನಮ್ಮ ಬಳಗದಲ್ಲಿ ಜನ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದರು. ಹೊರರಾಜ್ಯದಲ್ಲಿ ನೌಕರಿಗಿದ್ದ ನನಗೆ ಅದು ಚಿತ್ರಮಂದಿರದಲ್ಲಿ ದಕ್ಕಲಿಲ್ಲ. ಹೇಗನ್ನಿಸಿತು ಎಂದು ಕೇಳಿದ್ದೀಯೆ. ನೀವೆಲ್ಲ ಬಾಯ್ತುಂಬ ಹೊಗಳಿದ ಭಾಗಗಳು ನನಗೆ ಅಷ್ಟಾಗಿ ತಾಕಲಿಲ್ಲ. ಯಾರೂ ಪ್ರಸ್ತಾಪಿಸದೆ ಬಿಟ್ಟ ಭಾಗಗಳು ನನ್ನನ್ನು ಕದಲಗೊಡಲಿಲ್ಲ.

ಹಾಡುಗಳ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಜಯಂತ ಕಾಯ್ಕಿಣಿ ಬರೆದು, ಮನೋಮೂರ್ತಿ ರಾಗ ಹಾಕಿ, ಸೋನು ನಿಗಮ್ ಹಾಡಿದ ‘ಅನಿಸುತಿದೆ ಯಾಕೋ ಇಂದು’ ಚಿತ್ರಕ್ಕಿಂತ ಎಷ್ಟೋ ಮೊದಲೇ ನನ್ನನ್ನು ತಲುಪಿತ್ತು. ಸಹೋದ್ಯೋಗಿಗಳ ಮೊಬೈಲ್‌ಗಳಲ್ಲಿ, ಊರಿಗೆ ಬಂದಾಗ ಮದುವೆಮನೆಗಳ ವಾದ್ಯಗೋಷ್ಠಿಗಳಲ್ಲಿ ಕೇಳಿ ಕೇಳಿ, ಅದಕ್ಕೆ ಬೇಕಾದ ದೃಶ್ಯಗಳನ್ನು ನಾನೇ ಮನಸ್ಸಿನಲ್ಲಿ ಕಟ್ಟಿಕೊಂಡುಬಿಟ್ಟಿದ್ದೆ. ಪರದೆಯ ಮೇಲೆ ಹಾಡು ಬಂದಾಗ ಯಾರೋ ನನ್ನ ಹಾಡನ್ನು ಎತ್ತಿಕೊಂಡು ಚಿತ್ರೀಕರಿಸಿದ್ದಾರೆ ಎನ್ನಿಸಿತೇ ಹೊರತು ಬೆರಗೇನೂ ಆಗಲಿಲ್ಲ.

ಪ್ರೀತಮ್‌ನ ಮಾತಿನದೂ ಹೆಚ್ಚು ಕಡಿಮೆ ಇದೇ ಕಥೆ. ಉಸಿರು ಬಿಡದೆ ಮಾತನಾಡುತ್ತ, ತನ್ನನ್ನೇ ಗೇಲಿ ಮಾಡಿಕೊಳ್ಳುತ್ತ, ಹುಡುಗಿಯೆದುರು ಸೋಲುವುದನ್ನೂ ಒಂದು ಕಲೆಯನ್ನಾಗಿಸಿದ ಈ ನಾಯಕ ಆಗ ಹೊಸಬನಾಗಿದ್ದನೆಂಬುದನ್ನು ಒಪ್ಪುತ್ತೇನೆ. ಆದರೆ ಅವನ ಹಿಂದೆ ಬಂದ ಅನುಕರಣೆಗಳನ್ನೆಲ್ಲ ಟಿವಿಯಲ್ಲಿ ಮೊದಲೇ ನೋಡಿ ದಣಿದಿದ್ದ ನನಗೆ ಮೂಲದವನೇ ನಕಲಿನಂತೆ ಕಂಡ. ಇದು ಚಿತ್ರಕ್ಕೆ ಮಾಡುವ ಅನ್ಯಾಯವೆಂದು ತಿಳಿದೂ, ತಡವಾಗಿ ನೋಡುವವನು ಇದರಿಂದ ತಪ್ಪಿಸಿಕೊಳ್ಳಲಾರ. ಪ್ರೀತಮ್ ಆಗಿ ನಟಿಸಿದ ಗಣೇಶ್ ಅವರು ‘ಕಾಮಿಡಿ ಟೈಮ್’ ನಿರೂಪಕರಾಗಿ ಟಿವಿಯಿಂದಲೇ ಬಂದವರಾದ್ದರಿಂದ, ನಮ್ಮ ಹಜಾರದ ಟಿವಿಯಲ್ಲಿ ಅವರ ಮಾತು ತವರಿಗೆ ಮರಳಿದಂತೆ ಸಲೀಸಾಗಿತ್ತು ಎಂಬುದೊಂದು ಲಾಭ.

ಆದರೂ ಹಾಸ್ಯಕ್ಕೆ ಮಂದಿ ಬೇಕು ಕಣಯ್ಯ. ಆರಂಭದಲ್ಲಿ ಮಾಲ್‌ನೆದುರು ನಾಯಕಿ ನಂದಿನಿಯನ್ನು ನೋಡುತ್ತ ಮೈಮರೆತ ಪ್ರೀತಮ್ ಗುಂಡಿಗೆ ಬೀಳುತ್ತಾನಲ್ಲ, ಅಲ್ಲಿ ಚಿತ್ರಮಂದಿರವೇ ಕುಣಿದಾಡಿತ್ತೆಂದು ನೀನು ವರ್ಣಿಸಿದ್ದೆ. ನನ್ನ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತಿದ್ದ ಅಮ್ಮ, ‘ಅಯ್ಯೋ, ಪೆಟ್ಟಾಯಿತೋ ಏನೋ, ಪಾಪ’ ಎಂದರು. ಅಲ್ಲಿಗೆ ನಗೆಯ ಗತಿ ಮುಗಿಯಿತು. ನಗುವಿಗೆಂದು ಮಾತುಗಳ ನಡುವೆ ಬಿಟ್ಟಿರುವ ತೆರಪುಗಳಲ್ಲಿ ನಮ್ಮ ಮನೆಯಲ್ಲಿ ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು. ಎಸ್. ಕೃಷ್ಣ ಅವರ ಕ್ಯಾಮೆರಾ ಹಿಡಿದ ಜೋಗವೂ ಅಷ್ಟೇ. ಚೆಂದವೇನೋ ಹೌದು, ಆದರೆ ಎದೆ ಝಲ್ಲೆನ್ನಿಸುವಷ್ಟು ಆಳ ಇಪ್ಪತ್ತೊಂದು ಇಂಚಿನ ಪೆಟ್ಟಿಗೆಗೆ ಇಳಿಯಲಿಲ್ಲ.

ಇನ್ನು ನೀವು ಯಾರೂ ಹೇಳದ ಸಂಗತಿಗೆ ಬರುತ್ತೇನೆ. ಅದು ಅನಂತ್ ನಾಗ್ ಅವರ ಕರ್ನಲ್ ಸುಬ್ಬಯ್ಯ. ‘ಗಣೇಶನ ಮದುವೆ’ಯಂಥ ಚಿತ್ರದಲ್ಲಿ ಸ್ವತಃ ನಗೆಪ್ರೇಮದ ನಾಯಕರಾಗಿದ್ದವರು ಇಲ್ಲಿ ಹುಡುಗಿಯ ತಂದೆ, ಅದೂ ಕಿವಿ ಮಂದವಾದ ತಂದೆ. ಆ ಕಿವುಡುತನವನ್ನು ನಗೆಯ ಸರಕೆಂದು ತಿಳಿದು ನಾನು ಹಗುರವಾಗಿ ಕುಳಿತಿದ್ದೆ. ಆಮೇಲೆ ಆ ಬೆಳಗಿನ ಓಟ ಬರುತ್ತದೆ. ನಂದಿನಿ ಜಲಪಾತದ ಅಂಚಿನಲ್ಲಿ ನಿಂತು ತನ್ನ ಪ್ರೀತಿಯನ್ನು ಹೇಳಿಕೊಂಡಾಗಿದೆ. ಇನ್ನು ಅವಳ ಅಪ್ಪನನ್ನು ಕೇಳಿಯೇಬಿಡಬೇಕೆಂದು ಪ್ರೀತಮ್ ಕರ್ನಲ್‌ರನ್ನು ಓಟಕ್ಕೆ ಕರೆದೊಯ್ಯುತ್ತಾನೆ. ಆದರೆ ಅವನು ವಿಷಯ ತೆಗೆಯುವ ಮುನ್ನವೇ ಅವರು ತಮ್ಮ ಹೃದಯದ ಕಾಯಿಲೆಯನ್ನೂ, ತಾವು ಯಾವ ಗಳಿಗೆಯಲ್ಲಾದರೂ ಹೋಗಬಹುದೆಂಬುದನ್ನೂ, ಮದುವೆ ಗೊತ್ತಾಗಿರುವ ಗೌತಮನ ಕೈಗೆ ಮಗಳನ್ನು ಒಪ್ಪಿಸುವುದೊಂದೇ ಉಳಿದಿರುವ ಆಸೆಯೆಂಬುದನ್ನೂ ಹೇಳಿಬಿಡುತ್ತಾರೆ. ಇಡೀ ಚಿತ್ರದಲ್ಲಿ ಬಾಯಿ ಮುಚ್ಚದ ಹುಡುಗನಿಗೆ ಆಡಲೇಬೇಕಾದ ಮಾತು ಗಂಟಲಲ್ಲೇ ಉಳಿಯುತ್ತದೆ. ಕಿವಿ ಕೇಳದ ಮುದುಕ ಹೇಳುತ್ತಾನೆ, ಮಾತಿನ ಮಲ್ಲ ಕೇಳಿಸಿಕೊಳ್ಳುತ್ತಾನೆ. ನಿರ್ದೇಶಕ ಯೋಗರಾಜ ಭಟ್ಟರು ತಮ್ಮ ಮೂರನೆಯ ಚಿತ್ರದಲ್ಲೇ ಅಷ್ಟು ಹೊತ್ತು ಮಾತು ಸುರಿಸಿದ್ದು ಈ ಮೌನಕ್ಕೆ ತೂಕ ಬರಲೆಂದೇ ಇರಬೇಕು. ರಿಮೋಟ್ ಒತ್ತಿ ಆ ದೃಶ್ಯವನ್ನು ಮತ್ತೆ ನೋಡಿದೆ. ಚಿತ್ರಮಂದಿರದಲ್ಲಿ ನಿಮಗೆ ಆ ಸೌಲಭ್ಯವಿರಲಿಲ್ಲ.

ಹೆಂಡದ ಬಾಟಲಿ ಹಿಡಿದು ಮಳೆಯಲ್ಲಿ ಕುಳಿತವನಿಗೆ ನಂದಿನಿ ಕೊಡೆ ಹಿಡಿಯಲು ಬರುವ ದೃಶ್ಯವೂ ಸಣ್ಣ ಪರದೆಯಲ್ಲಿ ಸೊರಗಲಿಲ್ಲ. ನಿನ್ನಿಂದ ದೂರವಿರುವುದೇ ಮರ್ಯಾದೆ ಎಂಬರ್ಥದ ಮಾತನ್ನು ಅವನು ಅಮಲಿನಲ್ಲಿ ಆಡುತ್ತಾನಲ್ಲ, ಅದನ್ನು ಗುಂಪಿನಲ್ಲಿ ಶಿಳ್ಳೆಗಳ ನಡುವೆ ಕೇಳುವುದಕ್ಕಿಂತ ಮನೆಯಲ್ಲಿ ಕೇಳುವುದೇ ಮೇಲು. ನಂದಿನಿಯ ಹಿಂದೆ ಬಿದ್ದ ಖಳ ಜಾನು ಮತ್ತವನ ಹೊಡೆದಾಟಗಳನ್ನು ಮಾತ್ರ ಓಡಿಸಿಕೊಂಡು ಮುಂದೆ ಹೋದೆ, ಕ್ಷಮಿಸು. ಪ್ರೀತಮ್‌ನ ಜೊತೆಗಿದ್ದ ಮೊಲ ದೇವದಾಸ ಸತ್ತಾಗ ನೀನು ಅತ್ತದ್ದು ನೆನಪಿದೆ. ಅಷ್ಟು ಹೊತ್ತಿಗೆ ಬೇಕಾದಷ್ಟು ದುಃಖ ಒದಗಿದ್ದರಿಂದ ನನಗೆ ಅದು ಮೇಲೆ ಸುರಿದ ತುಪ್ಪವೆನ್ನಿಸಿತು.

ನನಗೊಂದು ತಕರಾರಿದೆ. ಪ್ರೀತಮ್‌ನದು ಮಹಾತ್ಯಾಗವೆಂದು ಎಲ್ಲರೂ ಹಾಡಿ ಹೊಗಳಿದಿರಿ. ಮದುವೆಯ ಹಿಂದಿನ ರಾತ್ರಿ ಅವನು ನಂದಿನಿಯನ್ನು ಬಿಟ್ಟು ಹೊರಟುಹೋಗುತ್ತಾನೆ. ದಾರಿಯಲ್ಲಿ ಸಿಕ್ಕ ಗೌತಮನನ್ನು ಜಾನುವಿನಿಂದ ಉಳಿಸಿ, ಮರುದಿನ ಮದುವೆಮನೆಯವರೆಗೆ ತಾನೇ ತಲುಪಿಸುತ್ತಾನೆ. ಅವಳ ಬದುಕಿನ ತೀರ್ಮಾನವನ್ನು ಅವಳ ಪರವಾಗಿ ಅವನೇ ಮಾಡಿಬಿಟ್ಟನಲ್ಲ! ಅಮ್ಮನ ಪ್ರಕಾರ ಅವನು ಮಾಡಿದ್ದೇ ಸರಿ, ಏಕೆಂದರೆ ಆ ತಂದೆಯ ಮುಖ ನೋಡಿಕೊಂಡು ಯಾರಿಗೂ ಹಾಗೆ ಓಡಿಹೋಗಲು ಮನಸ್ಸು ಬರುವುದಿಲ್ಲ. ಈ ವಿಷಯದಲ್ಲಿ ನಮ್ಮಿಬ್ಬರ ವಾದ ಊಟ ಮುಗಿಯುವವರೆಗೂ ನಡೆಯಿತು, ಇತ್ಯರ್ಥವಾಗಲಿಲ್ಲ. ಅಷ್ಟು ಸಲ ಚಿತ್ರಮಂದಿರಕ್ಕೆ ಹೋಗಿ ಬಂದ ನಿಮ್ಮಲ್ಲಿ ಯಾರಾದರೂ ನಂದಿನಿಯ ಪರ ಮಾತನಾಡಿದ್ದುಂಟೇ? ಬರೆದು ತಿಳಿಸು. ಡಿವಿಡಿ ಸದ್ಯಕ್ಕೆ ಪಕ್ಕದ ಮನೆಯವರ ಬಳಿ ಇದೆ; ಹಿಂದಿರುಗಿದ ಕೂಡಲೇ ನಿನಗೆ ಕಳಿಸುತ್ತೇನೆ.

ಇಂತಿ ನಿನ್ನ ಗೆಳೆಯ